ಅರೆತಲೆನೋವಿನ ಗುಳಿಗೆಗೂ ಲೆಕ್ಕವಿರಲಿ



ಬಿಸಿಲೇರಿತೆಂದರೆ ಠಾಣಾ ಕುಶನೂರ ಸುತ್ತಮುತ್ತಲಿನ ಅರೆತಲೆನೋವಿನವರಿಗೆ ಮೆಡಿಕಲ್ ಅಂಗಡಿಯೇ ದವಾಖಾನೆ. ಚೀಟಿಯಿಲ್ಲದೆ ಗುಳಿಗೆ ಕೇಳುವುದು ರೂಢಿ. ಆದರೆ ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಎರ್ಗೋಟಮಿನ್ ಇರುವುದನ್ನು 10 ದಿನ, ಹೀಗೆ 3 ತಿಂಗಳು ಮೀರಿ ನುಂಗಿದರೆ ಔಷಧವೇ ತಲೆನೋವು ತರಬಹುದು. ಅದನ್ನಿಳಿಸಲು ಮತ್ತೊಂದು ಗುಳಿಗೆ!

ಎರ್ಗೋಟಮಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗರ್ಭಿಣಿಯರು, ಹೃದ್ರೋಗಿಗಳು, ಬಿಪಿ ಹತೋಟಿಯಲ್ಲಿಲ್ಲದವರು ಅದನ್ನು ಮುಟ್ಟಬಾರದು. ಕೆಮ್ಮು-ಕಫಕ್ಕೆ ಬರೆಯುವ ಕ್ಲಾರಿಥ್ರೋಮೈಸಿನ್ ಜೊತೆ ಸೇರಿದರೆ ಕೈಕಾಲಿಗೆ ರಕ್ತವೇ ಹರಿಯದಂತಾಗುವ ಅಪಾಯವಿದೆ. ನೋವು ಬಾರದಂತೆ ಕೊಡುವ ಪ್ರೊಪ್ರನೊಲಾಲ್ ದಮ್ಮಿನವರಿಗೆ ಆಗದು. ಅದಕ್ಕೇ ಕೊಡುವ ಫ್ಲೂನರಿಜಿನ್ ನಿದ್ದೆ ತರುತ್ತದೆ, ತೂಕ ಏರಿಸುತ್ತದೆ.

ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆ ಅಲಂಕಾರಕ್ಕಲ್ಲ, ವೈದ್ಯರ ಚೀಟಿ ಬೇಕೆಂದು ಹೇಳಲು. ಆರೋಗ್ಯ ಇಲಾಖೆ ಈ ಎಚ್ಚರಿಕೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಸಿ ಅಂಗಡಿಗಳಲ್ಲಿ ತೂಗುಹಾಕಿಸಲಿ. ಗುಳಿಗೆ ತಿಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟು ಒಯ್ದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ವೈದ್ಯರಿಗೂ ಅನುಕೂಲ. ಸಿಡಿಲೆರಗಿದಂಥ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಮಾತ್ರ ಗುಳಿಗೆ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

– ಓದುಗ, ಠಾಣಾ ಕುಶನೂರ, ಬೀದರ್ ಜಿಲ್ಲೆ