ಆಟದ ಇಟ್ಟಿಗೆಯ ತೂಕ

ಡೆನ್ಮಾರ್ಕಿನ ಲೆಗೊ ಸಂಸ್ಥೆಯು 1958ರಲ್ಲಿ ಹೊರತಂದ ಆಟದ ಇಟ್ಟಿಗೆಯು ಇಂದಿನ ಇಟ್ಟಿಗೆಯೊಡನೆಯೂ ಬಿಗಿಯಾಗಿ ಕೂಡಿಕೊಳ್ಳುತ್ತದೆ. ಆದುದರಿಂದ ಒಂದು ಮನೆಯ ಮಕ್ಕಳು ಆಡಿ ಬಿಟ್ಟದ್ದು ಅಂತರಜಾಲದ ಮೂಲಕ ಮತ್ತೊಂದು ಮನೆಗೆ ಸಲ್ಲುವುದು ಸರ್ವಥಾ ನಿಂದ್ಯವಲ್ಲ. ಹೊಸದನ್ನು ಕೊಳ್ಳುವುದಕ್ಕಿಂತ ಮೇಲೇ ಸರಿ.

ನಿಂದ್ಯವಾದುದು ಬೇರೆ. ಹಳೆಯ ಇಟ್ಟಿಗೆಗಳನ್ನು ಅನೇಕರು ರಾಶಿಯಾಗಿ ತೂಗಿ ಮಾರುತ್ತಾರೆ. ಅದರಲ್ಲಿ ನಕಲಿಗಳನ್ನು ಬೆರೆಸಿದರೆ ಛಾಯಾಚಿತ್ರದಲ್ಲಿ ಕಾಣದು. ಅಸಲಿನ ಗುಬುಟುಗಳ ಮೇಲೆ ಸಂಸ್ಥೆಯ ಹೆಸರು ಮೂಡಿರುತ್ತದೆ. ಅದನ್ನು ಕೈಗೆತ್ತಿಕೊಂಡೇ ನೋಡಬೇಕು. ಶಾಂಘೈ ಪೊಲೀಸರು 2019ರಲ್ಲಿ ‘ಲೆಪಿನ್’ ನಕಲಿಗಳ ಜಾಲವನ್ನು ಭೇದಿಸಿದರೂ ಅದಕ್ಕೆ ಮೊದಲು ಮಾರಾಟವಾದ ಸರಕು ಮನೆಗಳಲ್ಲಿ ಉಳಿದೇ ಇದೆ. ‘ರಾಶಿಯಲ್ಲಿ ಏನಿದೆಯೋ ತಿಳಿಯದು’ ಎಂದು ಬರೆದು ಕೈತೊಳೆದುಕೊಳ್ಳುವ ಮಾರಾಟಗಾರನು ತಿಳಿಯಲೊಲ್ಲದವನೇ ಹೊರತು ತಿಳಿಯದವನಲ್ಲ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಅಕ್ಕಪಕ್ಕದಲ್ಲಿಯೇ ಇವೆ. ತುಪ್ಪಕ್ಕೆ ಎಣ್ಣೆ ಬೆರೆಸುವ ಅಂಗಡಿಯವನನ್ನು ಹಳಿಯುವ ಶ್ರಾವಕನು, ಆಟಿಕೆ ತಾನೇ ಎಂದು ಇದನ್ನು ಮನ್ನಿಸುವುದು ಹೇಗೆ? ಈ ವಂಚನೆಯಲ್ಲಿ ಮೋಸಹೋಗುವವರು ವ್ಯಾಪಾರಿಗಳೂ ಅಲ್ಲ. ಇಟ್ಟಿಗೆ ಇಟ್ಟಿಗೆಗೆ ಕೂಡದಿದ್ದಾಗ ಮಗುವು ದೂರುವುದು ತನ್ನ ಕೈಯನ್ನೇ.