ಮನೆಯ ಗಣಕಯಂತ್ರಕ್ಕೆ ಹೊಸ ಡಿಸ್ಕು

ವಿಜಯಪುರ ಜಿಲ್ಲೆಯ ಅರಕೇರಿಯಿಂದ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರ ಮನೆಯಲ್ಲಿ ಹತ್ತು ವರ್ಷಗಳನ್ನು ದಾಟಿದ ಗಣಕಯಂತ್ರವೊಂದಿದೆ. ದ್ರಾಕ್ಷಿಯ ತೋಟದ ಲೆಕ್ಕವೂ ಮಕ್ಕಳ ಭಾವಚಿತ್ರಗಳೂ ಅದರಲ್ಲಿವೆ. ಇವಲ್ಲದೆ, ಈಗ ದಿವಂಗತರಾಗಿರುವ ಅವರ ಮಾವನವರು ಅಮೋಘಸಿದ್ಧನ ಡೊಳ್ಳಿನ ಪದಗಳನ್ನು ಹಾಡುವವರ ಬಾಯಿಂದ ಕೇಳಿ, ಒಂದೊಂದೇ ಅಕ್ಷರವನ್ನು ಒತ್ತಿ ಬರೆದಿಟ್ಟ ಬರಹಗಳೂ ಅದರೊಳಗೇ ಇವೆ. ಯಂತ್ರವು ಈಗ ತೆರೆದುಕೊಳ್ಳುವುದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಪೇಟೆಯ ಅಂಗಡಿಯವರೊಬ್ಬರು, "ಹೊಸ ಡಿಸ್ಕು ಹಾಕಿ ವಿಂಡೋಸ್ ಹೊಸದಾಗಿ ಕೂಡಿಸಿ ಕೊಡುತ್ತೇವೆ. ಹಳೆಯ ಡಿಸ್ಕನ್ನು ನಮಗೇ ಬಿಟ್ಟರೆ ಇನ್ನೂರು ರೂಪಾಯಿ ಕಡಿಮೆ ಮಾಡುತ್ತೇವೆ" ಎಂದರಂತೆ. ಬಿಡಬಹುದೇ ಎಂಬುದು ಸೋದರಿಯವರ ಪ್ರಶ್ನೆ.

ಬಿಡಬಾರದೆಂಬುದೇ ನಮ್ಮ ಉತ್ತರ. ಆದರೆ ಹೊಸ ಡಿಸ್ಕನ್ನು ಹಾಕಿಸಬೇಕೆಂಬ ಮಾತು ಯೋಗ್ಯವಾದುದೇ ಆಗಿದೆ. ಹಳೆಯ ತರಹದ ಹಾರ್ಡ್ ಡಿಸ್ಕಿನಲ್ಲಿ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತಿರುತ್ತವೆ. ೧೯೫೬ರಲ್ಲಿ ಅಮೇರಿಕದ ಐ.ಬಿ.ಎಂ. ಕಂಪನಿಯು ಹೊರತಂದ ಮೊತ್ತಮೊದಲಿನ ಡಿಸ್ಕಿಗೆ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರವು ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಕೈಫೋನಿನಲ್ಲಿ ತೆಗೆದ ಒಂದೆರಡು ಭಾವಚಿತ್ರಗಳಿಗೇ ಅಷ್ಟು ಸ್ಥಳ ಬೇಕು! ಡಿಸ್ಕು ಈಗ ಅಂಗೈಯಗಲವಾಗಿದ್ದರೂ ತಿರುಗುವ ವಸ್ತುವು ಸವೆಯುವುದು ತಪ್ಪಲಿಲ್ಲ. ಎಸ್‌ಎಸ್‌ಡಿ ಎಂದು ಕರೆಯುವ ಹೊಸ ಬಗೆಯದರಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ, ಅದನ್ನು ಹಾಕಿದ ಹಳೆಯ ಯಂತ್ರವು ಸಾಮಾನ್ಯವಾಗಿ ಒಂದು ನಿಮಿಷದೊಳಗಾಗಿ ತೆರೆದುಕೊಳ್ಳುವುದು. ಕೊಂಡ ಬಳಿಕ ೧ ಟಿಬಿ ಎಂದು ಬರೆದ ಡಿಸ್ಕು ತೆರೆಯ ಮೇಲೆ ೯೩೧ ಜಿಬಿ ಎಂದು ಕಂಡರೆ ಅಂಗಡಿಯವರೊಡನೆ ಜಗಳ ತೆಗೆಯಬೇಕಾದುದಿಲ್ಲ. ತಯಾರಕರು ಸಾವಿರದ ಲೆಕ್ಕದಿಂದಲೂ ವಿಂಡೋಸ್ ೧,೦೨೪ರ ಲೆಕ್ಕದಿಂದಲೂ ಎಣಿಸುವುದರಿಂದ ಈ ಅಂತರವು ಬಂದಿದೆ.

ಡಿಸ್ಕಿನೊಳಗೆ ಎರಡು ಬಗೆಯ ಸೊತ್ತು ಇರುವುದೆಂಬುದನ್ನು ಗೃಹಸ್ಥರು ಮೊದಲು ತಿಳಿಯಬೇಕು. ಒಂದು, ಯಂತ್ರವನ್ನು ನಡೆಯಿಸುವ ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸ್ ಮೊದಲಾದವು. ಇನ್ನೊಂದು, ಮನೆಯವರು ತಾವೇ ಕೂಡಿಹಾಕಿದ ಬರಹ, ಲೆಕ್ಕ, ಚಿತ್ರಗಳು. ವಿಂಡೋಸ್ ಕೆಟ್ಟರೆ ಯಾವ ಊರಿನಲ್ಲಿಯಾದರೂ ಮತ್ತೆ ದೊರೆಯುತ್ತದೆ. ಮಾವನವರ ಪದಗಳು ಆ ಒಂದೇ ಡಿಸ್ಕಿನಲ್ಲಿವೆ. ಹಗೇವನ್ನು ತೆರೆದಾಗ ನಮ್ಮ ಕಡೆಯ ರೈತನು ಬೀಜದ ಜೋಳವನ್ನು ಮೊದಲು ಬೇರೆ ತೆಗೆದಿಟ್ಟು, ಆಮೇಲೆ ಉಳಿದುದಕ್ಕೆ ಕೈ ಹಚ್ಚುತ್ತಾನಷ್ಟೆ. ಇಲ್ಲಿಯೂ ಅದೇ ಕ್ರಮವು. ಮೊದಲು ಬರಹ, ಚಿತ್ರಗಳ ಪ್ರತಿಯನ್ನು ಬೇರೊಂದು ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಯಂತ್ರವನ್ನು ಅಂಗಡಿಗೆ ಒಯ್ಯಲೇಬಾರದು. ಡಿಸ್ಕಿನಿಂದ ಟಕ್ ಟಕ್ ಎಂಬ ಸಪ್ಪಳವು ಬರುತ್ತಿದ್ದರಂತೂ ಎಲ್ಲಕ್ಕಿಂತ ಅಮೂಲ್ಯವಾದುದನ್ನೇ ಮೊದಲು ಪ್ರತಿ ಮಾಡಬೇಕು, ಏಕೆಂದರೆ ಅದು ಇನ್ನೊಮ್ಮೆ ತೆರೆದುಕೊಂಡೀತೆಂಬ ಭರವಸೆಯಿರುವುದಿಲ್ಲ.

ಅಂಗಡಿಗಳಲ್ಲಿ ಸಾಮಾನ್ಯವಾಗಿ "ಡಿ ಡ್ರೈವಿನಲ್ಲಿರುವುದನ್ನು ಮುಟ್ಟುವುದಿಲ್ಲ" ಎಂದು ಹೇಳಿ ಸಿ ಡ್ರೈವನ್ನು ಅಳಿಸುತ್ತಾರೆ. ಮನೆಯವರೋ, ಕಣ್ಣೆದುರಿಗೆ ಇರಲೆಂದು ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಹರವಿರುತ್ತಾರೆ. ಡೆಸ್ಕ್‌ಟಾಪೂ 'ಡಾಕ್ಯುಮೆಂಟ್ಸ್' ಎಂಬ ಕೋಶವೂ ಸಿ ಡ್ರೈವಿನೊಳಗೇ ಇರುವುವೆಂಬುದು ಎಷ್ಟು ಜನರಿಗೆ ಗೊತ್ತು? ವರ್ಷಗಟ್ಟಲೆ ಕೂಡಿಟ್ಟುದು ಹೀಗೆ ಹಾಳಾದ ಸಂಗತಿಗಳನ್ನು ನಾವು ಹಲವು ಸಲ ಕೇಳಿದ್ದೇವೆ. ಪ್ರತಿ ಮಾಡಿದ ಮೇಲೆ ಎರಡೂ ಕಡೆ ಕಡತಗಳ ಸಂಖ್ಯೆಯೂ ಗಾತ್ರವೂ ಸರಿಹೊಂದುವುವೋ ಎಂದು ನೋಡಿ, ಬಗೆಗೊಂದರಂತೆ ಕೆಲವನ್ನು ತೆರೆದೂ ನೋಡತಕ್ಕದ್ದು.

ಇನ್ನು ವಿಂಡೋಸಿನ ಮಾತು. ಸಿ ಡ್ರೈವಿನಲ್ಲಿರುವುದನ್ನೆಲ್ಲ ಹೊಸ ಡಿಸ್ಕಿಗೆ ಸಾಮಾನ್ಯ ಕಡತಗಳಂತೆ ಎಳೆದು ಹಾಕಿದ ಮಾತ್ರದಿಂದ ಯಂತ್ರವು ಏಳುವುದಿಲ್ಲ. ಗುಂಡಿ ಒತ್ತಿದೊಡನೆ ಯಂತ್ರಕ್ಕೆ ದಾರಿ ತೋರುವ ಚಿಕ್ಕದೊಂದು ಭಾಗವು ಡಿಸ್ಕಿನಲ್ಲಿ ಕಣ್ಣಿಗೆ ಬೀಳದಂತೆ ಇರುತ್ತದೆ. ಅದೂ ತನ್ನ ರೀತಿಯಲ್ಲಿಯೇ ಸಾಗಬೇಕು. ಇದಕ್ಕಾಗಿ ಡಿಸ್ಕನ್ನು ಇದ್ದದ್ದಿದ್ದಂತೆ ಪಡಿಯಚ್ಚು ಮಾಡುವ 'ಕ್ಲೋನ್' ಎಂಬ ಉಪಾಯವಿದೆ. ಕ್ಲೋನ್‌ಜಿಲ್ಲಾ ಎಂಬುದು ಈ ಕೆಲಸಕ್ಕಾಗಿ ಪುಕ್ಕಟೆಯಾಗಿ ದೊರೆಯುವ ತಂತ್ರಾಂಶವು; ಅದು ಕೇಳುವುದೆಂದರೆ ಹೊಸ ಡಿಸ್ಕು ಹಳೆಯದರಷ್ಟಾದರೂ ದೊಡ್ಡದಿರಬೇಕು. ೫೦೦ ಜಿಬಿಯ ಡಿಸ್ಕು ಸೆಕೆಂಡಿಗೆ ೧೦೦ ಎಂಬಿಯಂತೆ ಸಾಗಿದರೂ ಸುಮಾರು ಒಂದೂವರೆ ಗಂಟೆ ಬೇಕಾಗುವುದರಿಂದ, ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ತೊಡಗಬಾರದು. ಯಾವುದರಿಂದ ಯಾವುದಕ್ಕೆ ಎಂದು ಯಂತ್ರವು ಕೇಳಿದಾಗ ಅವಸರವು ಸಲ್ಲದು. ಎರಡನ್ನೂ ಅದಲುಬದಲು ಮಾಡಿದರೆ ಬರಿಯ ಡಿಸ್ಕಿನ ಬರಿದುತನವೇ ತುಂಬಿದ ಡಿಸ್ಕಿನ ಮೇಲೆ ಬಂದು ಕುಳಿತುಬಿಡುತ್ತದೆ! ಬಿಟ್‌ಲಾಕರ್ ಎಂಬ ಬೀಗವಿದ್ದಲ್ಲಿ ಅದರ ಕೀಲಿಯ ಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಅರಕೇರಿಯ ಯಂತ್ರದಲ್ಲಿರುವುದು ವಿಂಡೋಸ್ ೧೦. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿಯ ಅಕ್ಟೋಬರ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಬಯಸುವ ಟಿಪಿಎಂ ೨.೦ ಎಂಬ ರಕ್ಷಣೆಯ ಏರ್ಪಾಡು ಇಷ್ಟು ಹಳೆಯ ಯಂತ್ರಗಳಲ್ಲಿ ಸಾಧಾರಣವಾಗಿ ಇರುವುದಿಲ್ಲ. ಡಿಸ್ಕು ಬದಲಿಸಿದ ಮಾತ್ರಕ್ಕೆ ಆ ಕೊರತೆಯು ನೀಗದು. ಬೇಕಾದವರು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಬಹುದು.

ಈಗ, ಪತ್ರದಲ್ಲಿ ಕೇಳದೆ ಇದ್ದರೂ ನಮಗೆ ಮುಖ್ಯವೆಂದು ತೋರುವ ಸಂಗತಿಗೆ ಬರುತ್ತೇವೆ. ಮಾವನವರು ಪದಗಳನ್ನು ಬರೆದುದು 'ನುಡಿ'ಯಲ್ಲಿ. ಕನ್ನಡ ಗಣಕ ಪರಿಷತ್ತಿನವರ 'ನುಡಿ'ಯಿಂದಲೂ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ದಿಂದಲೂ ನಾಡಿಗಾದ ಉಪಕಾರವು ಸಣ್ಣದಲ್ಲ. ಆದರೆ ಹಿಂದಿನ ನುಡಿಯ ಕಡತದಲ್ಲಿ ನಿಜವಾಗಿ ಕನ್ನಡದ ಅಕ್ಷರಗಳಿರುವುದಿಲ್ಲ. ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿದ ಫಾಂಟ್ ಒಂದು ಅವುಗಳಿಗೆ ಕನ್ನಡದ ವೇಷವನ್ನು ತೊಡಿಸಿರುತ್ತದೆ. ಆ ಫಾಂಟು ಇರುವುದು ಮಾವನವರ ಕೋಶದಲ್ಲಲ್ಲ, ವಿಂಡೋಸಿನ ಹೊಟ್ಟೆಯಲ್ಲಿ. ಅಂಗಡಿಯವರು ಬರಹಗಳನ್ನೆಲ್ಲ ಪ್ರಾಮಾಣಿಕವಾಗಿ ಉಳಿಸಿಕೊಟ್ಟರೂ, ಹೊಸ ವಿಂಡೋಸಿನಲ್ಲಿ ತೆರೆದಾಗ 'ಕನ್ನಡ' ಎಂಬ ಮೂರಕ್ಷರದ ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆಯು ಕಾಣಿಸಿಕೊಳ್ಳುವುದು! ಇದನ್ನು ಕಂಡು, ಕಡತವೇ ಕೆಟ್ಟಿತೆಂದು ಅಳಿಸಿಬಿಟ್ಟವರೂ ಇದ್ದಾರೆ. ಕೆಟ್ಟಿರುವುದಿಲ್ಲ, ಫಾಂಟನ್ನು ಹಾಕಿದೊಡನೆ ಅಕ್ಷರಗಳು ಮರಳಿ ಬರುತ್ತವೆ.

ವಿಜಯಪುರದಲ್ಲಿ ನೆಲಸಿ ಬಾಳಿದ ಫ. ಗು. ಹಳಕಟ್ಟಿಯವರು ಮನೆಮನೆಗಳ ತಾಡೋಲೆಗಳಿಂದ ವಚನಗಳನ್ನು ಆರಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದರು. ಆ ಓಲೆಗಳು ಉಳಿದಿದ್ದುದರೊಡನೆ ಅವುಗಳ ಲಿಪಿಯನ್ನು ಓದಬಲ್ಲವರೂ ಉಳಿದಿದ್ದುದರಿಂದ ಆ ಕಾರ್ಯವು ಸಾಧ್ಯವಾಯಿತು. ಸೋದರಿಯವರು ಹಳೆಯ ವಿಂಡೋಸಿನ 'ಫಾಂಟ್ಸ್' ಕೋಶದಿಂದ ನುಡಿಯ ಹೆಸರಿನವುಗಳನ್ನೆಲ್ಲ ಎತ್ತಿ, ಪದಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಲಿ. ಆಮೇಲೆ ಬಿಡುವು ಮಾಡಿಕೊಂಡು ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತದ ಮನೆಗಳಿವೆ. ಅದರಲ್ಲಿದ್ದ ಬರಹವು ಇಂದಿನ ಯಾವ ಯಂತ್ರದಲ್ಲಿಯೂ, ಫೋನಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಪರಿವರ್ತಕಗಳು ಅರ್ಕಾವತ್ತು, ಒತ್ತಕ್ಷರಗಳಲ್ಲಿ ಒಮ್ಮೊಮ್ಮೆ ಎಡವುತ್ತವೆ. ನಡುವೆ ಇಂಗ್ಲಿಷ್ ಶಬ್ದವಿದ್ದರೆ ಅದನ್ನೂ ಅರ್ಥವಿಲ್ಲದ ಕನ್ನಡವಾಗಿಸುತ್ತವೆ. ಆದುದರಿಂದ ಆ ಪದಗಳನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು ಸಾಲುಸಾಲಾಗಿ ಓದಿ ತಿದ್ದಬೇಕು. ಊರಿನಲ್ಲಿ ಹಾಡುವ ಹಿರಿಯರು ಇರುವಾಗಲೇ ಇದಾದರೆ ಒಳ್ಳೆಯದು.

ಹಳೆಯ ಡಿಸ್ಕನ್ನು ಅಳಿಸದೆ, ಬಟ್ಟೆಯಲ್ಲಿ ಸುತ್ತಿ, ಮೇಲೆ ದಿನಾಂಕ ಬರೆದು ಟ್ರಂಕಿನಲ್ಲಿಡಬೇಕು. ಎಸ್‌ಎಸ್‌ಡಿಯು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಸುಮ್ಮನೆ ಬಿದ್ದರೆ ತನ್ನಲ್ಲಿರುವುದನ್ನು ಕ್ರಮೇಣ ಮರೆಯಬಹುದು. ಪೆಟ್ಟಿಗೆಯಲ್ಲಿಟ್ಟು ಕಾಯುವ ಕೆಲಸಕ್ಕೆ ತಿರುಗುವ ಡಿಸ್ಕೇ ಮೇಲು. ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳನ್ನು ಪೂಜಿಸುವ ದಿನ ಅದನ್ನೂ ಹೊರತೆಗೆದು, ಹೊರಗಿನಿಂದ ಜೋಡಿಸುವ ತಂತಿಯೊಂದರಿಂದ ಯಂತ್ರಕ್ಕೆ ಹಚ್ಚಿ, ಪದಗಳು ತೆರೆಯುವುವೋ ಎಂದು ನೋಡಿದರೆ ಆಯಿತು. ಅಂಗಡಿಯವರ ಇನ್ನೂರು ರೂಪಾಯಿ ಅವರ ಬಳಿಯೇ ಇರಲಿ.