ಆರ್‌ಹೂಸ್ ನೋಡಿ ಊರವರನ್ನು ಬೈಯುವವರಿಗೆ

ಬೇಸಿಗೆ ಬಂತೆಂದರೆ ಬೆಂಗಳೂರಿನ ಗೆಳೆಯರು ಒಬ್ಬೊಬ್ಬರಾಗಿ ನಮ್ಮನೆಗೆ ಬರ್ತಾರೆ. ನಾನಿರೋದು ಆರ್‌ಹೂಸ್‌ನಲ್ಲಿ. ಡೆನ್ಮಾರ್ಕಿನ ಎರಡನೇ ದೊಡ್ಡ ಊರು, 1928ರಲ್ಲಿ ಶುರುವಾದ ವಿಶ್ವವಿದ್ಯಾಲಯದ ಊರು. ಬಂದವರಿಗೆಲ್ಲ ಒಂದೇ ಸುತ್ತು ಹೊಡಿಸ್ತೀನಿ: ಹಳದಿ ಇಟ್ಟಿಗೆಯ ಕ್ಯಾಂಪಸ್ಸು, ಆರೋಸ್ ಮ್ಯೂಸಿಯಮ್ಮಿನ ತಾರಸಿ ಮೇಲಿರೋ ಬಣ್ಣದ ಗಾಜಿನ ಉಂಗುರ, ಕೊನೆಗೆ ಬಂದರಿನ ಪಕ್ಕದ ಡೊಕ್‌1 ಲೈಬ್ರರಿ. ವಾಪಸ್ ಬರುವಾಗ ಪ್ರತಿವರ್ಷ ಅದೇ ಮಾತು. "ಇವರ ರಕ್ತದಲ್ಲೇ ಶಿಸ್ತು ಇದೆ ಮಗಾ. ನಮ್ ಜನಕ್ಕೆ ಸಿವಿಕ್ ಸೆನ್ಸೇ ಇಲ್ಲ."

ಮೈ ಉರಿಯುತ್ತೆ ನನಗೆ. 'ನಮ್ ಜನ' ಅನ್ನುವಾಗ ಇವರು ತಮ್ಮನ್ನು ಬಿಟ್ಟು ಎಣಿಸ್ತಾರೆ. ದಿನಾ ಬೆಳಗಿನ ಜಾವ ಮನೆ ಮುಂದಿನ ಬೀದಿ ಗುಡಿಸಿ ನೀರು ಹಾಕ್ತಿದ್ದ ನಮ್ಮವ್ವ ಯಾವ ಜನ ಹಾಗಾದ್ರೆ?

ಪಾರ್ಕಿನಲ್ಲಿ ಒಂದು ಬಾಟಲಿನೂ ಬಿದ್ದಿಲ್ಲ ಅಂತ ಬೆರಗಾದ ಗೆಳೆಯನಿಗೆ ಸೂಪರ್‌ಮಾರ್ಕೆಟ್ಟಿನ ಮಷೀನು ತೋರಿಸಿದೆ. ಬಿಯರ್ ಕ್ಯಾನು ಹಾಕಿದರೆ 1 ಕ್ರೋನ, ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ 3. ಕೊಳ್ಳುವಾಗಲೇ ಹಿಡಿದಿಟ್ಟುಕೊಂಡ ದುಡ್ಡು ಅದು, 'ಪಾಂಟ್' ಅಂತಾರೆ. ಶುಕ್ರವಾರ ರಾತ್ರಿ ಹುಡುಗರು ಕುಡಿದು ಬಿಟ್ಟು ಹೋದದ್ದನ್ನು ದುಡ್ಡಿಲ್ಲದವರು ಚೀಲ ಹಿಡಿದು ಆರಿಸ್ತಾರೆ. ನಮ್ಮೂರಿನ ಸೋಡಾ ಅಂಗಡಿಯವನೂ ಬಾಟಲಿಗೆ ಡಿಪಾಸಿಟ್ ಇಸ್ಕೊಳ್ತಿದ್ದ. ಆಗ ಊರಲ್ಲಿ ಸೋಡಾ ಬಾಟಲಿ ಬಿದ್ದಿರ್ತಿತ್ತಾ?

ಇನ್ನು ಆ ಲೈಬ್ರರಿ. ಒಳಗೆ ಹೋಗೋಕೆ ಯಾರೂ ಐಡಿ ಕೇಳಲ್ಲ. ಊರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ಅಪ್ಪ ಅಮ್ಮ ಅಲ್ಲಿಂದಲೇ ಒಂದು ಗುಂಡಿ ಒತ್ತಿದರೆ ಇಲ್ಲಿ ದೊಡ್ಡ ಗಂಟೆ ಬಾರಿಸುತ್ತೆ. ಗೆಳೆಯರು ಅದರ ವಿಡಿಯೋ ಮಾಡ್ಕೊಳ್ತಾರೆ. ದುಡ್ಡು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಿಲ್ಲ. ಅಕ್ಕಿ, ಬ್ರೆಡ್ಡು, ಚಪ್ಪಲಿ ಎಲ್ಲದಕ್ಕೂ ಇಲ್ಲಿ ನೂರಕ್ಕೆ 25 ವ್ಯಾಟ್. ನನ್ನಂಥ ಹೊರಗಿನ ಇಂಜಿನಿಯರಿಗೆ ಏಳು ವರ್ಷ ಸಂಬಳದ ತೆರಿಗೆಯಲ್ಲಿ ರಿಯಾಯಿತಿ. ಆ ರಿಯಾಯಿತಿ ಕಳೆದೂ ನೂರಕ್ಕೆ 32ರ ಮೇಲೆ ಹೋಗುತ್ತೆ.

ನಮ್ಮಲ್ಲೂ 1965ರಿಂದ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆಗೇ ನೂರಕ್ಕೆ 6 ರೂಪಾಯಿ ಲೈಬ್ರರಿಗೆ ಅಂತ ಕಟ್ತೀವಿ. ಎರಡು ಫ್ಲ್ಯಾಟಿನ ಒಡೆಯನಾದ ಗೆಳೆಯನಿಗೆ ಅದು ಗೊತ್ತೇ ಇರಲಿಲ್ಲ. ಅವನಿಗೆ ಗೊತ್ತಿರೋದು ವರ್ಷದ ಕೊನೆಗೆ ಟ್ಯಾಕ್ಸ್ ಉಳಿಸೋಕೆ ಯಾವ ರಸೀದಿ ಎಲ್ಲಿ ಸಿಗುತ್ತೆ ಅನ್ನೋದು. ಅವನೊಬ್ಬನನ್ನೇ ಯಾಕೆ ಬೈಯಲಿ? ಊರಲ್ಲಿದ್ದ ಅಪ್ಪನ ಕೈಲಿ ಸುಳ್ಳು ಬಾಡಿಗೆ ರಸೀದಿಗೆ ಸೈನ್ ಹಾಕಿಸಿ ಮೂರು ವರ್ಷ ಎಚ್‌ಆರ್‌ಎ ಉಳಿಸಿದವನು ನಾನು. "ನಿಂಗೆ ಯಾವಾಗಪ್ಪಾ ಮನೆ ಬಾಡಿಗೆಗೆ ಕೊಟ್ಟೆ?" ಅಂದಿದ್ದರು ಅಪ್ಪ. ಸರ್ಕಾರಿ ಶಾಲೆ, ಹೋಬಳಿಯ ಒಂದು ಕೋಣೆಯ ಲೈಬ್ರರಿ, ಸಿಇಟಿಯ ಸರ್ಕಾರಿ ಸೀಟು, ಇಷ್ಟರಲ್ಲೇ ಬಿಇ ಮುಗಿಸಿದವನ ಹತ್ರ ಅದಕ್ಕೆ ಉತ್ತರ ಇರಲಿಲ್ಲ.

ರಕ್ತದ ಮಾತಾಡುವವರನ್ನು ಈಗೀಗ ಇನ್ನೊಂದು ಕಡೆಗೂ ಕರ್ಕೊಂಡು ಹೋಗ್ತೀನಿ. ಊರಿನ ಪಶ್ಚಿಮಕ್ಕೆ ಗೆಲ್ಲರುಪ್ ಅಂತ ಒಂದು ಬಡಾವಣೆ, ವಲಸೆ ಬಂದವರೇ ಜಾಸ್ತಿ. 2018ರಲ್ಲಿ ಇಂಥ ಬಡಾವಣೆಗಳಿಗಾಗಿ ಕಾನೂನು ಮಾಡಿದರು. 'ಪಾಶ್ಚಾತ್ಯರಲ್ಲದ' ಮೂಲದವರು ಅರ್ಧಕ್ಕಿಂತ ಹೆಚ್ಚಿದ್ದು, ಕೆಲಸ, ಓದು, ವರಮಾನದಂಥ ಲೆಕ್ಕಗಳಲ್ಲಿ ಹಿಂದಿದ್ದರೆ ಸರ್ಕಾರದ ಪಟ್ಟಿಗೆ ಸೇರಿಸ್ತಾರೆ. ಗೆಲ್ಲರುಪ್‌ನಲ್ಲಿ ಜನ ಬಾಳಿದ ಕಟ್ಟಡಗಳನ್ನೇ ಕೆಡವಿದ್ದಾರೆ. ಆ ಎಣಿಕೆಯಲ್ಲಿ ನಾನೂ ಪಾಶ್ಚಾತ್ಯನಲ್ಲ, ಇಲ್ಲೇ ಹುಟ್ಟಿದ ನನ್ನ ಮಗಳೂ ಅಲ್ಲ. ಇಲ್ಲಿ ಯಾರಾದರೂ ರಕ್ತ ಎಣಿಸೋಕೆ ಕೂತರೆ ನಿನ್ನನ್ನು ಯಾವ ಕಡೆ ನಿಲ್ಲಿಸ್ತಾರೆ ಅಂತ ಯೋಚನೆ ಮಾಡು ಮಗಾ.

ಮುಂದಿನ ಬೇಸಿಗೆಗೂ ಬನ್ನಿ, ರೂಮು ಖಾಲಿ ಇದೆ, ಮುದ್ದೆ ಊಟ ಹಾಕ್ತೀನಿ. ಬರುವ ಮೊದಲು ನಿಮ್ಮ ವಾರ್ಡಿನ ಲೈಬ್ರರಿ ಕರ ಎಲ್ಲಿ ಹೋಯ್ತು ಅಂತ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ.